ಅಂಗನವಾಡಿಯಲ್ಲಿ ಮೌನ, ತಾಂಡಾದಲ್ಲಿ ಮಾತಿನಮಲ್ಲಿ

ಚಿಂಚೋಳಿಗೆ ಅಂಟಿಕೊಂಡ ಚಂದಾಪುರದಲ್ಲಿ ಮಗುವಿನ ಕಿವಿಗೆ ದಿನಕ್ಕೆ ನಾಲ್ಕು ನುಡಿಗಳಾದರೂ ಬೀಳುತ್ತವೆ. ಅಂಗಡಿಯಲ್ಲಿ ಕನ್ನಡ, ಓಣಿಯಲ್ಲಿ ದಖನಿ ಉರ್ದು, ತೆಲಂಗಾಣದ ಗಡಿ ಹತ್ತಿರವಿರುವುದರಿಂದ ಸಂತೆಯಲ್ಲಿ ತೆಲುಗು, ತಾಂಡಾದ ಮನೆಗಳಲ್ಲಿ ಲಂಬಾಣಿ. ದೊಡ್ಡವರು ಇವುಗಳ ನಡುವೆ ಸಲೀಸಾಗಿ ಓಡಾಡುತ್ತಾರೆ. ಮೂರು ತುಂಬಿ ಅಂಗನವಾಡಿಗೆ ಬರುವ ತಾಂಡಾದ ಕೂಸಿಗೆ ಗೊತ್ತಿರುವುದು ಹೆಚ್ಚಾಗಿ ಮನೆಮಾತೊಂದೇ. ಹೆತ್ತವರು ಹೈದರಾಬಾದಿಗೋ ಪುಣೆಗೋ ದುಡಿಯಲು ಹೋಗಿದ್ದರಂತೂ ಅಜ್ಜಿಯ ಬಾಯಿಂದ ಕೇಳಿದ್ದಷ್ಟೇ ಅದರ ಬಂಡವಾಳ.

ಅಂಥ ಮಗು ಎಷ್ಟೋ ದಿನ ಮೂಲೆ ಹಿಡಿದು ಕೂರುತ್ತದೆ. ಬಣ್ಣ ಯಾವುದು ಅಂದರೂ ಬಾಯಿ ಬಿಡುವುದಿಲ್ಲ. 'ಹುಡುಗಿ ಮಂದ ಅದಾಳ' ಎಂಬ ಮಾತು ಬೇಗ ಅಂಟುತ್ತದೆ, ಅಂಟಿದ್ದು ಒಂದನೇ ತರಗತಿಯವರೆಗೂ ಬೆನ್ನು ಬಿಡುವುದಿಲ್ಲ.

ಸಂಜೆ ಅದೇ ಹುಡುಗಿಯನ್ನು ಅಂಗಳದಲ್ಲಿ ನೋಡಬೇಕು. ತೊಗರಿ ಕಟ್ಟಿಗೆ ಮುರಿದು ಮನೆ ಕಟ್ಟುತ್ತ ತನ್ನಷ್ಟಕ್ಕೆ ಮಾತಾಡುತ್ತಿರುತ್ತಾಳೆ. ಇದು ಯಾಡಿಯ (ಅವ್ವನ) ಜಾಗ, ಇಲ್ಲಿ ಒಲೆ, ಇಲ್ಲಿ ಬಾಟಿ (ರೊಟ್ಟಿ). ಕಡ್ಡಿ ಜಾರಿ ಬಿದ್ದರೆ ಮಾತು ಇನ್ನೂ ಜೋರು.

ಮಕ್ಕಳ ಈ ಒಂಟಿ ಮಾತನ್ನು ಸ್ವಿಸ್ ಮನಶ್ಶಾಸ್ತ್ರಜ್ಞ ಪಿಯಾಜೆ 1923ರಲ್ಲಿ 'ಸ್ವಕೇಂದ್ರಿತ' ಎಂದರು, ಬೆಳೆದಂತೆ ಅದು ಉದುರಿಹೋಗುತ್ತದೆ ಎಂದುಕೊಂಡರು. ರಷ್ಯಾದ ಮನಶ್ಶಾಸ್ತ್ರಜ್ಞ ಲೆವ್ ವೈಗೋಟ್ಸ್ಕಿ ಒಪ್ಪಲಿಲ್ಲ. ಚಿತ್ರ ಬರೆಯುವ ಮಕ್ಕಳಿಗೆ ಬೇಕಾದ ಪೆನ್ಸಿಲ್ ಸಿಗದಂತೆ ಮಾಡಿ ನೋಡಿದರು. ತೊಡಕು ಎದುರಾದಾಗ ಒಂಟಿ ಮಾತು ಹೆಚ್ಚುಕಡಿಮೆ ಇಮ್ಮಡಿಯಾಯಿತು. ಮಗು ಬಾಯಿಬಿಟ್ಟು ಯೋಚಿಸುತ್ತಿದೆ, ಶಾಲೆಯ ವಯಸ್ಸಿಗೆ ಬರುತ್ತಿದ್ದಂತೆ ಈ ಮಾತು ಒಳಗಿಳಿದು ಆಲೋಚನೆಯಾಗುತ್ತದೆ ಎಂಬುದು ಅವರ ವಾದ.

ಅವರ ಇನ್ನೊಂದು ಪ್ರಯೋಗ ಚಂದಾಪುರಕ್ಕೆ ತೀರ ಹತ್ತಿರದ್ದು. ಮಗುವನ್ನು ಬೇರೆ ಭಾಷೆಯ ಮಕ್ಕಳ ನಡುವೆ, ಕಿವಿ ಕೇಳದ ಮಕ್ಕಳ ನಡುವೆ ಕೂರಿಸಿದರು. ತನ್ನನ್ನು ಅರ್ಥಮಾಡಿಕೊಳ್ಳುವವರು ಇಲ್ಲ ಎನ್ನಿಸಿದೊಡನೆ ಒಂಟಿ ಮಾತು ಬಹುಪಾಲು ಮಕ್ಕಳಲ್ಲಿ ನಿಂತೇಹೋಯಿತು. ವೈಗೋಟ್ಸ್ಕಿ 37ನೇ ವಯಸ್ಸಿಗೆ, 1934ರಲ್ಲಿ ಕ್ಷಯದಿಂದ ತೀರಿಕೊಂಡರು. ಇದೆಲ್ಲ ಇರುವ ಅವರ ಪುಸ್ತಕ ಅದೇ ವರ್ಷ ಹೊರಬಂತು.

ತಾಂಡಾದ ಹುಡುಗಿಯನ್ನು ನಾವು ಬಿಟ್ಟಿರುವುದು ಅಂಥ ಗುಂಪಿನ ನಡುವೆಯೇ. ಅವಳಿಂದ ಮೊದಲ ವಾರವೇ ಕನ್ನಡದ ಉತ್ತರ ಬಯಸುವುದು ಅನ್ಯಾಯ. ಸಾಧ್ಯವಿದ್ದೆಡೆ ಐದನೇ ತರಗತಿವರೆಗಾದರೂ ಮನೆಮಾತಿನಲ್ಲಿ ಕಲಿಸಿ ಎಂದು 2020ರ ಶಿಕ್ಷಣ ನೀತಿ ಹೇಳುತ್ತದೆ. ಅಷ್ಟು ದೊಡ್ಡ ವ್ಯವಸ್ಥೆಗೆ ಕಾಯಬೇಕಿಲ್ಲ. ಲಂಬಾಣಿ ಬಲ್ಲ ಸಹಾಯಕಿಯೊಬ್ಬಳು ನೀರನ್ನು ಮೊದಲು 'ಪಾಣಿ' ಎಂದು ಕರೆದು, ಆಮೇಲೆ 'ನೀರು' ಎಂದರೂ ಮಗುವಿಗೆ ದಾರಿ ಸಿಗುತ್ತದೆ. ಆಟದ ಹೊತ್ತಿನಲ್ಲಿ ತಾಂಡಾದ ಇಬ್ಬರು ಮಕ್ಕಳನ್ನು ಜೊತೆಗೆ ಕೂರಿಸುವುದಕ್ಕೆ ಖರ್ಚೇ ಇಲ್ಲ.

ಆದರೆ ಎಲ್ಲ ಮೌನವೂ ಒಂದೇ ಅಲ್ಲ. ಸುಮ್ಮನಿರುವ ಮಗು ಮನೆಯಲ್ಲಾದರೂ ಮಾತಾಡುತ್ತದೆಯೇ, ಹಿಂದಿನಿಂದ ಕರೆದರೆ ತಿರುಗುತ್ತದೆಯೇ ಎಂದು ಅಜ್ಜಿಯನ್ನು ಕೇಳಬೇಕು. ಇಲ್ಲವೆಂದರೆ ತಡಮಾಡಬಾರದು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ ಮಕ್ಕಳನ್ನು ವರ್ಷಕ್ಕೆ ಎರಡು ಸಲ ತಪಾಸಣೆ ಮಾಡಬೇಕೆಂದಿದೆ. ಕಿವಿ, ಮಾತು, ಬೆಳವಣಿಗೆಯ ತೊಂದರೆಗಳೆಲ್ಲ ಅದರಲ್ಲಿ ಸೇರಿವೆ. ತಪಾಸಣೆಯ ತಂಡ ಬಂದ ದಿನ ಅಜ್ಜಿಯೂ ಅಂಗನವಾಡಿಗೆ ಬಂದು, ಮನೆಯಲ್ಲಿ ಕಂಡದ್ದನ್ನು ಡಾಕ್ಟರಿಗೆ ತಾನೇ ಹೇಳಲಿ.