ಕಾಲು ಕೊಟ್ಟವನಿಗೆ ಟೆಂಡರ್‌ನಲ್ಲಿ ಪಾಲು ಎಲ್ಲಿ?

ಬೆಳಗಾವಿ: ಸೈನ್ಯಕ್ಕೆ ಮಗನನ್ನು ಕಳಿಸದ ಊರು ನಮ್ಮ ಜಿಲ್ಲೆಯಲ್ಲಿ ಹುಡುಕಬೇಕು. ಮರಾಠಾ ಲಘು ಪದಾತಿ ದಳದ ತರಬೇತಿ ಕೇಂದ್ರವೇ ಇಲ್ಲಿದೆ. ಆಗಸ್ಟ್ ಹದಿನೈದು ಬಂತೆಂದರೆ ಮಾಜಿ ಸೈನಿಕರಿಗೆ ಶಾಲು, ಹಾರ, ಚಪ್ಪಾಳೆ. ಹದಿನಾರನೇ ತಾರೀಖು?

ಒಬ್ಬ ಮಾಜಿ ಹವಾಲ್ದಾರರ ಕತೆ ಕೇಳಿ. ನೆಲಬಾಂಬಿಗೆ ಎಡಗಾಲು ಹೋಯಿತು. ಪುಣೆಯ ಆರ್ಟಿಫಿಶಿಯಲ್ ಲಿಂಬ್ ಸೆಂಟರ್‌ನಲ್ಲಿ ಕೃತಕ ಕಾಲು ಹಾಕಿಸಿಕೊಂಡು ಬಂದು, ನಾಲ್ಕು ಹೊಲಿಗೆ ಮಶೀನು ಇಟ್ಟರು. ಯೂನಿಫಾರ್ಮು ಹೊಲಿಯುವುದು ಕಸುಬು. ಕೇಂದ್ರ ಸರ್ಕಾರದ ಕಚೇರಿಯೊಂದು ಹತ್ತು ಲಕ್ಷದ ಸಮವಸ್ತ್ರಕ್ಕೆ ಟೆಂಡರ್ ಕರೆಯಿತು. ಇಎಂಡಿ ಠೇವಣಿ ಮೂವತ್ತು ಸಾವಿರ. ಕೈಯಲ್ಲಿ ದುಡ್ಡಿಲ್ಲ, ಬಿಟ್ಟುಬಿಟ್ಟರು.

ಆಮೇಲೆ ಗೊತ್ತಾಯಿತು, ಆ ಠೇವಣಿಯನ್ನು ಅವರು ಕಟ್ಟಬೇಕಾಗಿಯೇ ಇರಲಿಲ್ಲ!

ಕೇಂದ್ರದ 2012ರ ಖರೀದಿ ನೀತಿ ಆದೇಶದ ಪ್ರಕಾರ, ಉದ್ಯಮ್ ನೋಂದಣಿಯಿರುವ ಅತಿ ಸಣ್ಣ ಹಾಗೂ ಸಣ್ಣ ಉದ್ದಿಮೆಗಳಿಗೆ ಟೆಂಡರ್ ಫಾರಂ ಉಚಿತ, ಇಎಂಡಿ ಮಾಫಿ. ಕೇಂದ್ರದ ಇಲಾಖೆಗಳು, ಉದ್ದಿಮೆಗಳು ವರ್ಷದ ಖರೀದಿಯಲ್ಲಿ ಶೇ. 25ರಷ್ಟನ್ನು ಇಂಥವರಿಂದಲೇ ಕೊಳ್ಳಬೇಕು. ದೊಡ್ಡ ಕಂಪನಿ ಕಡಿಮೆ ದರ ಹಾಕಿ, ನಿಮ್ಮ ದರ ಅದಕ್ಕಿಂತ ಶೇ. 15ರೊಳಗೆ ಹೆಚ್ಚಿದ್ದರೆ, ಆ ದರಕ್ಕೆ ಇಳಿದು ಮಾಲಿನ ಕಾಲುಭಾಗ ಪೂರೈಸುವ ಅವಕಾಶವೂ ಉಂಟು. ಬಿಲ್ಲಿನ ಹಣ 45 ದಿನ ಮೀರಿದರೆ 2006ರ ಎಂಎಸ್ಎಂಇಡಿ ಕಾಯ್ದೆಯಡಿ ಚಕ್ರಬಡ್ಡಿ ಸಿಗಬೇಕು. ನೋಂದಣಿಗೆ ಚಿಕ್ಕಾಸು ಬೇಡ, ಏಜೆಂಟರ ಮಾತಿಗೆ ಮರುಳಾಗಬೇಡಿ.

ಅಂಗಡಿಕಾರರೂ ಒಂದು ಮಾತು ನೆನಪಿಡಿ. ಈ ಠೇವಣಿ ಮಾಫಿ ತಾವೇ ತಯಾರಿಸುವವರಿಗೆ ಮತ್ತು ಸೇವೆ ಕೊಡುವವರಿಗೆ ಮಾತ್ರ. ಹುಬ್ಬಳ್ಳಿಯಿಂದ ಮಾಲು ತಂದು ಮಾರುವವರಿಗಿಲ್ಲ.

ಇನ್ನು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ. ಶೇ. 40 ಮೇಲ್ಪಟ್ಟು ಅಂಗವೈಕಲ್ಯ ಇದ್ದವರಿಗೆ, ವ್ಯಾಪಾರ-ಉದ್ದಿಮೆಗೆಂದು ರಿಯಾಯಿತಿ ದರದಲ್ಲಿ ಕೊಡುವ ಸರ್ಕಾರಿ ಜಾಗದಲ್ಲಿ ಶೇ. 5 ಮೀಸಲು ಇಡಬೇಕೆಂದು ಅದರ 37ನೇ ಕಲಂ ಹೇಳುತ್ತದೆ. ಸೈನ್ಯದ ಮೆಡಿಕಲ್ ಬೋರ್ಡ್ ಬರೆದ ಶೇಕಡಾವಾರು ಪಿಂಚಣಿಯ ಲೆಕ್ಕಕ್ಕೆ. ಇಲ್ಲಿಗೆ ಯುಡಿಐಡಿ ಕಾರ್ಡು ಮಾಡಿಸಿಕೊಳ್ಳಿ.

ರಕ್ಷಣಾ ಇಲಾಖೆಯ ಪುನರ್ವಸತಿ ಮಹಾನಿರ್ದೇಶನಾಲಯವೂ ಇದೆ. ಅದರ ಪಟ್ಟಿಯಲ್ಲಿರುವ ಮಾಜಿ ಸೈನಿಕರ ಸೆಕ್ಯುರಿಟಿ ಏಜೆನ್ಸಿಗಳಿಗೆ ಕೇಂದ್ರದ ಉದ್ದಿಮೆಗಳಲ್ಲಿ ಕಾವಲು ಕೆಲಸ ಸಿಗುತ್ತದೆ. ನೂರು ಗಾರ್ಡುಗಳನ್ನು ಕೂಡಿಸಬಲ್ಲವರಿಗೆ ಅದು ಸರಿ. ನಾಲ್ಕು ಮಶೀನಿನ ಹವಾಲ್ದಾರರಿಗೆ ಏನು ಬಂತು?

ಅಸಲು ಪ್ರಶ್ನೆ ಇಲ್ಲಿದೆ. ಆ ಶೇ. 25ರ ಒಳಗೆ ಪರಿಶಿಷ್ಟ ಜಾತಿ, ಪಂಗಡದವರ ಉದ್ದಿಮೆಗೆ ಶೇ. 4, ಮಹಿಳೆಯರದಕ್ಕೆ ಶೇ. 3 ಎಂದು ಒಳಪಾಲು ಇದೆ. ಇರಬೇಕಾದ್ದೇ, ತಕರಾರಿಲ್ಲ. ಆದರೆ ದೇಶಕ್ಕಾಗಿ ಅಂಗ ಕಳೆದುಕೊಂಡವರಿಗೆ ಎಂದು ಒಂದು ಪೈಸೆಯಷ್ಟೂ ಪಾಲು ಬರೆದಿಲ್ಲ. ಅಮೆರಿಕದಲ್ಲಿ ನೋಡಿ. ಸೇವೆಯಲ್ಲಿ ಅಂಗವಿಕಲರಾದ ಮಾಜಿ ಸೈನಿಕರ ಉದ್ದಿಮೆಗಳಿಗೆ ಕೇಂದ್ರದ ಗುತ್ತಿಗೆಯಲ್ಲಿ ಶೇ. 3ರ ಗುರಿಯನ್ನು 1999ರಲ್ಲೇ ಕಾನೂನು ಮಾಡಿ ಇಟ್ಟರು. ಅವರಿಗಷ್ಟೇ ಟೆಂಡರ್ ಮೀಸಲಿಡುವ ಅಧಿಕಾರ 2003ರಲ್ಲಿ ಬಂತು. ಈಗ ಗುರಿ ಶೇ. 5ಕ್ಕೆ ಏರಿದೆ.

"ಕಾಲು ಹೋದದ್ದಕ್ಕ ಪಿಂಚಣಿ ಕೊಡ್ತಾರ, ಇಲ್ಲಂತ ಅನ್ನಂಗಿಲ್ರೀ. ಆದ್ರ ಕೈ ಎರಡೂ ನೆಟ್ಟಗ ಅದಾವಲ್ಲ, ಇವಕ್ಕ ಕೆಲಸ ಕೊಡ್ರಿ ಅಂದ್ರ ಯಾರೂ ಮಾತಾಡಂಗಿಲ್ಲ" ಎನ್ನುತ್ತಾರೆ ಹವಾಲ್ದಾರರು. ದನಿಯಲ್ಲಿ ಸಿಟ್ಟಿಲ್ಲ. ಮಶೀನು ಮಾತ್ರ ನಿಲ್ಲಲಿಲ್ಲ.

ಅವರು ಈಗ ಉದ್ಯಮ್ ನೋಂದಣಿ ಮಾಡಿಸಿದ್ದಾರೆ, ಮುಂದಿನ ಟೆಂಡರ್‌ಗೆ ಕಾಯುತ್ತಿದ್ದಾರೆ. ಮಾಫಿಯ ವಿಷಯವನ್ನು ಮೊದಲೇ ಒಬ್ಬರು ಹೇಳಿದ್ದರೆ ಹತ್ತು ಲಕ್ಷದ ಕೆಲಸಕ್ಕೆ ಕೈಹಾಕಬಹುದಿತ್ತು. ನಿಮ್ಮ ಓಣಿಯಲ್ಲಿ ಇಂಥವರಿದ್ದರೆ ಈ ಪತ್ರಿಕೆ ಓದಿ ಮಡಚಿಡದೆ ಅವರ ಕೈಗೆ ಕೊಡಿ.

ಒಳಪಾಲು ಬರೆಯುವ ಕೆಲಸ ದಿಲ್ಲಿಯದು. ನಮ್ಮ ಸಂಸದರು ಅಲ್ಲಿ ಬಾಯಿ ಬಿಡುವರೇ?