ಹೊಂಗೆಯೂ ಹಾವಸೆಯೂ

ವಿಜಯನಗರದ ಬೀದಿಯಲ್ಲಿ ಯುಗಾದಿಯ ಸುಮಾರಿಗೆ ಹೂ ತಳೆಯುವ ಹೊಂಗೆಯನ್ನು ನಾವು ಆದರದಿಂದ ನೋಡುತ್ತೇವೆ. ಮಳೆಗಾಲದಲ್ಲಿ ಗೋಡೆಯ ಮೇಲೆ ಮಖಮಲ್ಲಿನಂತೆ ಹಬ್ಬುವ ಹಾವಸೆಯನ್ನು ಕೆರೆದು ಬಿಸುಡುತ್ತೇವೆ. ಇವೆರಡಕ್ಕೂ ಹೋಲಿಕೆಯುಂಟೆ? ಉಂಟೆಂದು 1851ರಲ್ಲಿ ಜರ್ಮನಿಯ ಹಾಫ್‌ಮೈಸ್ಟರನು ತೋರಿಸಿದನು. ಹಾವಸೆಗೂ ಬೀಜಸಸ್ಯಗಳಿಗೂ ಬಾಳಿನ ಕ್ರಮ ಒಂದೇ. ಎರಡು ಪೀಳಿಗೆಗಳು ಸರದಿಯಾಗಿ ಬರುತ್ತವೆ. ಒಂದು ಅಂಡವನ್ನೂ ರೇತಾಣುವನ್ನೂ ಹಡೆಯುವುದು. ಅವುಗಳ ಕೂಟದಿಂದ ಹುಟ್ಟಿದ ಇನ್ನೊಂದು ಬೀಜಕಗಳನ್ನು ಹಡೆಯುವುದು.

ಫ್ಯುನೇರಿಯವೆಂಬ ಹಾವಸೆಯನ್ನು ನೋಡೋಣ. ನಮಗೆ ಕಾಣುವ ಹಸುರೆಲ್ಲವೂ ಮೊದಲನೆಯ ಪೀಳಿಗೆ. ಅದರ ತುದಿಯಲ್ಲಿ ಕೂದಲೆಳೆಯಂತಹ ಕಡ್ಡಿಯ ಮೇಲೆ ನಿಲ್ಲುವ ಪುಟ್ಟ ಕರಂಡವೇ ಎರಡನೆಯದು. ತಾಯಿಯ ಆಶ್ರಯವಿಲ್ಲದೆ ಅದು ಬಾಳದು. ಹೊಂಗೆಯಲ್ಲಿ ಇದು ತಲೆಕೆಳಗು. ಬೇರು, ಕಾಂಡ, ಎಲೆಗಳಿಂದ ಕೂಡಿದ ಮರವೆಲ್ಲವೂ ಎರಡನೆಯ ಪೀಳಿಗೆ. ಮೊದಲನೆಯದು ಪರಾಗದ ಕಣದಲ್ಲಿಯೂ ಹೂವಿನ ಗರ್ಭದಲ್ಲಿಯೂ ಬರಿಗಣ್ಣಿಗೆ ಕಾಣದಂತೆ ಅಡಗಿರುವುದು.

ನೀರಿನ ಹಂಗಿನಲ್ಲಿಯೂ ಅಂತರವಿದೆ. ಹಾವಸೆಯ ರೇತಾಣು ನೀರಿನ ತೆಳುಪೊರೆಯಲ್ಲಿ ಈಜಿಯೇ ಅಂಡವನ್ನು ಸೇರಬೇಕು. ಹೊಂಗೆಯ ಪರಾಗವನ್ನಾದರೋ ಜೇನ್ನೊಣವು ಹೂವಿನಿಂದ ಹೂವಿಗೆ ಒಯ್ಯುತ್ತದೆ. ಅಲ್ಲಿಂದ ಮುಂದೆ ಪರಾಗನಾಳವೇ ದಾರಿ. ಆದುದರಿಂದಲೇ ಹೊಂಗೆಯು ಸುಡುಬಿಸಿಲಿನಲ್ಲಿಯೂ ಕಾಯಿಗಟ್ಟುವುದು. ಹಾವಸೆಯು ಮಳೆಗಾಗಿ ಕಾದಿರುವುದು.

ಇನ್ನು ಮುಂದೆ ಗೋಡೆಯನ್ನು ಕೆರೆಯಿಸುವ ಮುನ್ನ ನಾವು ಒಮ್ಮೆ ಬಾಗಿ ನೋಡುವುದು ಒಳ್ಳೆಯದು. ಮರವು ಹೂವಿನೊಳಗೆ ಬಚ್ಚಿಟ್ಟಿರುವ ಪೀಳಿಗೆಯನ್ನು ಹಾವಸೆಯು ಬಯಲಿನಲ್ಲಿಯೇ ಹರಡಿದೆ.