ಕರಿಯ ತಾಯಿಯ ಬಿಳಿಯ ಮರಿ

ಹಗರಿಬೊಮ್ಮನಹಳ್ಳಿಯ ಸಂತೆಯಲ್ಲಿ ನಿಂತು, ಕರಿಯ ಕರಡಿ ಬಿಳಿಯ ಮರಿ ಹಾಕುವುದುಂಟು ಎಂದರೆ ಜನ ನಕ್ಕಾರು. ಸುತ್ತಲ ಬಂಡೆಗುಡ್ಡಗಳ ಕರಡಿಯನ್ನು ಬಲ್ಲವರು ಅವರು. ಅದರ ಮೈಯೆಲ್ಲ ಮಸಿ. ಎದೆಯ ಮೇಲೊಂದು ಬಿಳಿಯ ಗೆರೆ, ಅಷ್ಟೆ. ಆದರೂ ಮಾತು ನಿಜ. ಕೆನಡಾ ದೇಶದ ಪಡುವಣ ಕರಾವಳಿಯಲ್ಲಿ, ಬ್ರಿಟಿಷ್ ಕೊಲಂಬಿಯದ ಮಳೆಗಾಡಿನಲ್ಲಿ, ಕಪ್ಪು ಕರಡಿಗೆ ಒಮ್ಮೊಮ್ಮೆ ಕೆನೆಬಣ್ಣದ ಮರಿ ಹುಟ್ಟುತ್ತದೆ. ಧ್ರುವಪ್ರದೇಶದ ಹಿಮಕರಡಿಗೂ ಇದಕ್ಕೂ ಸಂಬಂಧವಿಲ್ಲ.

ಇದು ರೋಗವೂ ಅಲ್ಲ. ಕಣ್ಣು, ಮೂಗು ಕಪ್ಪಾಗಿಯೇ ಇರುತ್ತವೆ. ಬಿಳುಪಿನ ವಂಶವಾಹಿ ತಂದೆ ತಾಯಿ ಇಬ್ಬರಿಂದಲೂ ಬಂದರೆ ಮಾತ್ರ ಕೂದಲು ಬೆಳ್ಳಗಾಗುತ್ತದೆ. ಒಬ್ಬರಿಂದಲೇ ಬಂದರೆ ಮರಿ ಕಪ್ಪು. ಗುಣ ಮಾತ್ರ ಒಳಗೆ ಅಡಗಿರುತ್ತದೆ. ಹಾಗಾಗಿ ಬಿಳಿಯದೊಂದನ್ನೇ ಕಾದರೆ ಸಾಲದು, ಕರಿಯದನ್ನೂ ಉಳಿಸಬೇಕು. ಅಲ್ಲಿನ ಕಿಟಾಸೂ, ಗಿಟ್ಗಾಟ್ ಜನರು ಬಹುಕಾಲ ಒತ್ತಾಯಿಸಿದ ಮೇಲೆ, 2022ರಲ್ಲಿ ಈ ಕರಡಿಗಳ ನೆಲೆಯಲ್ಲಿ ಕಪ್ಪು ಕರಡಿಯ ಬೇಟೆಯನ್ನೂ ನಿಲ್ಲಿಸಲಾಯಿತು.

ಆ ಮೂಲನಿವಾಸಿಗಳ ಕತೆಯೊಂದುಂಟು. ಲೋಕವೆಲ್ಲ ಹಿಮದಡಿ ಹೂತಿದ್ದ ಕಾಲವನ್ನು ಮಕ್ಕಳು ಮರೆಯದಿರಲೆಂದು, ಸೃಷ್ಟಿಕರ್ತನಾದ ಕಾಗೆ ಹತ್ತು ಕರಡಿಗಳಲ್ಲಿ ಒಂದನ್ನು ಬೆಳ್ಳಗೆ ಮಾಡಿತಂತೆ. ತುಪ್ಪುಳದ ವ್ಯಾಪಾರಿಗಳು ಬಂದಾಗ ಹಿರಿಯರು ಈ ಕರಡಿಯ ಸುದ್ದಿಯನ್ನೇ ಎತ್ತಲಿಲ್ಲ. ಮನೆಯೊಳಗೂ ಅದರ ಮಾತು ಕಡಿಮೆ. ಸುದ್ದಿ ಹರಡಿದ್ದರೆ ಚರ್ಮಕ್ಕೆ ಬೆಲೆ ಬರುತ್ತಿತ್ತಲ್ಲವೇ!

ನಮ್ಮ ಕರಡಿಗೂ ಕತೆಗೆ ಕೊರತೆಯಿಲ್ಲ. ಹನುಮನಿಗೆ ಅವನ ಬಲವನ್ನು ನೆನಪಿಸಿದವನು ಜಾಂಬವಂತ. ಅವನ ಮಗಳ ಮದುವೆಯನ್ನು ವಸ್ತುವಾಗಿಟ್ಟು ‘ಜಾಂಬವತೀ ಕಲ್ಯಾಣ’ವೆಂಬ ಸಂಸ್ಕೃತ ನಾಟಕ ಬರೆದವನು ಕೃಷ್ಣದೇವರಾಯ. ಆದರೆ ಬೀದಿಗೆ ಬಂದ ಕರಡಿಯ ಪಾಡೇ ಬೇರೆ. ಕಲಂದರರು ಅದರ ಮೂಗಿಗೆ ಹಗ್ಗ ಪೋಣಿಸಿ ಕುಣಿಸುತ್ತಿದ್ದರು. ಹೆದರುವ ಮಕ್ಕಳನ್ನು ತಾಯಂದಿರು ಅದರ ಬೆನ್ನಿಗೇರಿಸಿ, ಅದರ ಕೂದಲನ್ನು ತಾಯಿತಕ್ಕೆ ತುಂಬಿಸುತ್ತಿದ್ದರು. ನನ್ನ ಕೊರಳಲ್ಲೂ ಅಂಥದೊಂದು ಇತ್ತು. 1972ರ ಕಾಯಿದೆಯಿಂದಲೂ ಆ ಕುಣಿತ ಕೂಡಲೇ ನಿಲ್ಲಲಿಲ್ಲ. ಕಲಂದರರಿಗೆ ಬೇರೆ ಕಸುಬು ಒದಗಿಸುತ್ತ, ಕರಡಿಗಳನ್ನು ಬನ್ನೇರುಘಟ್ಟದಂಥ ಆಶ್ರಯತಾಣಗಳಿಗೆ ಸೇರಿಸುತ್ತ ಬರಲು 2009ರವರೆಗೆ ಹಿಡಿಯಿತು.

ಕಾಡಿನ ಕರಡಿಗಾಗಿ ದರೋಜಿಯಲ್ಲಿ 1994ರಲ್ಲಿ, ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯಲ್ಲಿ 2013ರಲ್ಲಿ ಧಾಮಗಳಾದವು. ಕರಡಿಗೆ ಗಡಿ ತಿಳಿಯದು, ಹೊಲಕ್ಕೂ ಇಳಿಯುತ್ತದೆ. ನಸುಕಿನಲ್ಲಿ ನೀರು ಕಟ್ಟಲು ಹೋದ ರೈತ ಎದುರಾದರೆ ಬೆದರಿ ಮುಖಕ್ಕೇ ಎರಗುತ್ತದೆ. ಗಾಯಗೊಂಡವನ ಮನೆಯವರಿಗೆ ಜಾಂಬವಂತನ ಕತೆ ಹೇಳಿ ಫಲವೇನು?

ನೋಡುವ ಮನಸ್ಸಿದ್ದರೆ ದರೋಜಿಗೆ ಇಳಿಹೊತ್ತಿನಲ್ಲಿ ಹೋಗಿ. ಅಲ್ಲಿ ಬಂಡೆಗಳಿಗೆ ಬೆಲ್ಲ ಬೆರೆಸಿದ ತಿನಿಸನ್ನು ಬಳಿದಿಡುವ ರೂಢಿಯುಂಟು. ವೀಕ್ಷಣಾ ಗೋಪುರದಲ್ಲಿ ಸದ್ದಿಲ್ಲದೆ ಕುಳಿತರೆ, ಮರಿಯನ್ನು ಬೆನ್ನ ಮೇಲೆ ಹೊತ್ತ ತಾಯಿ ಗುಡ್ಡದಿಂದ ಇಳಿದು ಬರುವುದು ಕಂಡೀತು.